ಗಟ್ಟಿ ಎಣ್ಣೆ

ಪುರಸೈವಾಕ್ಕಂ, ಚೆನ್ನೈ
13 ಜೂನ್ 1999

ಅಣ್ಣಾ,

ನಿನ್ನೆ ಬೆಳಗಿನ ಜಾವ ಮಾಧವರಂ ರೌಂಡಾನಾ ಸರ್ಕಲ್ ಹತ್ತಿರ ಲಾರಿ ನಿಂತುಹೋಯಿತು. ಹೇರಿದ ಬಾಳೆಲೆ ಕಟ್ಟುಗಳೆಲ್ಲ ಮೇಲೇ ಇದ್ದವು. ಡ್ರೈವರ್ ಏಳುಮಲೈ ಟೀ ಅಂಗಡಿಯಿಂದ ಫೋನ್ ಮಾಡಿ, "ಅಕ್ಕಾ, ವಂಡಿ ಪಡುತ್ತುಡುಚ್ಚು" ಎಂದ. ಗಾಡಿ ಮಲಗಿತು ಎನ್ನುವುದು ಅವನ ಭಾಷೆ. ಎಳೆಸಿಕೊಂಡು ಕೋಯಂಬೇಡು ಮಾರುಕಟ್ಟೆ ಮುಟ್ಟುವಷ್ಟರಲ್ಲಿ ಬಿಸಿಲೇರಿ ಅರ್ಧ ಎಲೆ ಬಾಡಿತ್ತು.

ನಮ್ಮ ಮನೆಯವರು, ಮುರಳೀಧರ, ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಾಫಿ ಕುಡಿಯುತ್ತಾ ಹೇಳಿದರು: "ನೋಡು ಸುಮತಿ, ಜನವರೀಲಿ ಗಾಡಿ ಫಿಟ್ನೆಸ್ ಪರೀಕ್ಷೆ, ಎಫ್.ಸಿ. ಅಷ್ಟರೊಳಗೆ ಇನ್ನೊಂದ್ಸಲ ಪಡುತ್ಕೊಂಡ್ರೆ ನೇರಾ ಪುದುಪೇಟೆ. ತೋಟ ಕಂಟೈನರ್ ಪಾರ್ಟಿಗೆ. ಆಮೇಲೆ ನೀನು ಅಳಬಾರದು." ಪುದುಪೇಟೆಗೆ ಹೋದ ಗಾಡಿ ತುಂಡುತುಂಡಾಗಿಯೇ ಹೊರಗೆ ಬರುವುದು. ನಮ್ಮ ತೋಟದ ರಸ್ತೆಯಲ್ಲಿ ಆಗಲೇ ಮೂರು ತೋಟ ಕಂಟೈನರ್ ನಿಲ್ಲಿಸುವ ಯಾರ್ಡ್ ಆಗಿವೆ. ಬಾಡಿಗೆ ಲಾರಿಯವರು ಎಲೆಗೆಂದು ನಸುಕಿನಲ್ಲಿ ಬರುವುದಿಲ್ಲ. ಹಾಗಾಗಿ ಈ ಹಳೇ ಲಾರಿ ಇದ್ದರೆ ತೋಟ, ಇಲ್ಲದಿದ್ದರೆ ಇಲ್ಲ. ವಾರವೆಲ್ಲ ಪ್ಯಾರೀಸ್ ಕಾರ್ನರಿನ ವಿಮಾ ಕಚೇರಿಯಲ್ಲಿ ಕೂರುವವಳಿಗೆ ಆ ತೋಟ ಬಿಟ್ಟು ಇನ್ನೊಂದು ಜಾಗವಿಲ್ಲ. ಮಾವನವರು ಹೋದ ಮೇಲೆ ಅದನ್ನು ನಾನೇ ನಡೆಸಿದ್ದು ನಿನಗೆ ಗೊತ್ತು.

ಎಂಜಿನ್ನಿನಲ್ಲಿ ಒಂದು ಟಕ್ ಟಕ್ ಸದ್ದೂ ಇದೆಯಂತೆ. ಲೋಡ್ ಏರಿದಾಗ ಹೆಚ್ಚಂತೆ. ನಿನ್ನೆ ನಿಮ್ಮ ಡಿಪೋಗೆ ಎಸ್.ಟಿ.ಡಿ. ಮಾಡಿದೆ. ನೀನು ಫೋನಿಗೆ ಬಂದೆ, ಕಾಗದ "ಬರೆ, ಬರೆ" ಎಂದೆ, ಇಟ್ಟುಬಿಟ್ಟೆ. ನನ್ನ ಮೇಲೆ ಏನಾದರೂ ಸಿಟ್ಟೇ?

ಸುಮತಿ

*

ರಾಣೆಬೆನ್ನೂರು
22 ಜೂನ್ 1999

ಸುಮತಿ,

ಡೀಸೆಲ್ ಲೈನಿನಲ್ಲಿ ಗಾಳಿ ಹೊಕ್ಕಿದೆ. ನಿಂತದ್ದು ಅದರಿಂದ. ಟ್ಯಾಂಕ್ ಇಳಿಸಿ ತೊಳೆಯಲಿ, ಒಳಗೆ ತುಕ್ಕು ಇರುತ್ತದೆ. ಎರಡೂ ಫಿಲ್ಟರ್ ಬದಲಿಸಿ, ಮೇಲಿನ ನಟ್ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಕೈಪಂಪು ಒತ್ತಲಿ.

ಸದ್ದಿನ ವಿಷಯ. ಹೊಗೆ ಯಾವ ಬಣ್ಣ? ಎಣ್ಣೆ ಎಷ್ಟು ಕುಡಿಯುತ್ತದೆ? ಆಯಿಲ್ ಪ್ರೆಷರ್ ಮುಳ್ಳು ಬಿಸಿಯಾದ ಮೇಲೆ ಎಲ್ಲಿ ನಿಲ್ಲುತ್ತದೆ? ಇಷ್ಟು ಬರೆದು ತಿಳಿಸು.

ಡಿಪೋ ಫೋನಿನ ಪಕ್ಕದಲ್ಲೇ ಬಸ್ಸು ರೇಸ್ ಮಾಡುತ್ತಿರುತ್ತಾರೆ. ಇನ್ನು ಮೇಲೆ ಫೋನ್ ಬೇಡ. ಸಿಟ್ಟು ಏತಕ್ಕೆ? ಆ ಲಾರಿಯ ಎಂಜಿನ್ ನಾನು ನಿನ್ನ ಮದುವೆಯ ಮರುವರ್ಷ ನಿಮ್ಮ ತೋಟದ ಹುಣಸೆಮರದ ಕೆಳಗೆ ಕೂತು ಕಟ್ಟಿದ್ದು. ಪುದುಪೇಟೆಗೆ ಕಳಿಸುವ ಮೊದಲು ಮುರಳಿ ನನ್ನನ್ನು ಒಂದು ಮಾತು ಕೇಳಬೇಕು.

ನಿನ್ನ ಅತ್ತಿಗೆ ಅಂಬುಜಾ ನಿನ್ನ ಕೈಯ ಸಾರಿನ ಪುಡಿ ಕೇಳಿದ್ದಾಳೆ.

ವಿಷ್ಣುತೀರ್ಥ

*

ಪುರಸೈವಾಕ್ಕಂ
11 ಜುಲೈ 1999

ಅಣ್ಣಾ,

ಲಾರಿ ಓಡುತ್ತಿದೆ. ಟ್ಯಾಂಕಿನಿಂದ ಬಂದ ತುಕ್ಕನ್ನು ಏಳುಮಲೈ ಪೇಪರಿನಲ್ಲಿ ಕಟ್ಟಿ, ಪ್ರಸಾದ ಕೊಡುವಂತೆ ತಂದು ತೋರಿಸಿದ. ನೀನು ಹೇಳಿದಂತೆಯೇ ಇತ್ತು.

ಟಕ್ ಟಕ್ ಮಾತ್ರ ಹೋಗಿಲ್ಲ. ಹೊಗೆ ಬೆಳಗ್ಗೆ ಕಪ್ಪು, ಆಮೇಲೆ ಕಡಿಮೆ. ಮುಳ್ಳು ಮೊದಲಿಗಿಂತ ಕೆಳಗೆ ನಿಲ್ಲುತ್ತದೆ ಎನ್ನುತ್ತಾನೆ ಏಳುಮಲೈ, ಆದರೆ ಆ ಮೀಟರ್ ಸರಿಯಿದೆಯೋ ಇಲ್ಲವೋ ಅವನಿಗೂ ಗೊತ್ತಿಲ್ಲ. ರೆಡ್‌ಹಿಲ್ಸ್ ಗ್ಯಾರೇಜಿನ ಮೇಸ್ತ್ರಿ ಎರಡು ದಾರಿ ಹೇಳುತ್ತಾನೆ. ಒಂದು, ಕೆಳಗಿನ ಚೇಂಬರ್ ಬಿಚ್ಚಿ ಬೇರಿಂಗ್ ನೋಡುವುದು. ಇನ್ನೊಂದು, ಗಟ್ಟಿ ಎಣ್ಣೆ ಹಾಕಿ ಸದ್ದು ಅಡಗಿಸಿ ಎಫ್.ಸಿ. ತನಕ ತಳ್ಳುವುದು. ಬಿಚ್ಚಿದರೆ ಲಾರಿ ವಾರಗಟ್ಟಲೆ ಏಳುವುದಿಲ್ಲ. ಇವರು ಅದನ್ನೇ ಮಲಗಿದ್ದು ಎನ್ನುತ್ತಾರೆ.

ಆದ್ದರಿಂದ ಸದ್ದನ್ನೇ ನಿನಗೆ ಕಳಿಸುತ್ತಿದ್ದೇನೆ. ಏಳುಮಲೈ ಆಕ್ಸಿಲರೇಟರ್ ಒತ್ತಿದ, ಮಗಳು ಮಾನ್ಯಾ ಟೇಪ್ ರೆಕಾರ್ಡರ್ ಹಿಡಿದಳು. ಪಾರ್ಸೆಲಿನಲ್ಲಿ ಕ್ಯಾಸೆಟ್ ಇದೆ, ಸಾರಿನ ಪುಡಿಯೂ ಇದೆ, ವಾಸನೆ ಬಂದರೆ ಗಾಬರಿಯಾಗಬೇಡ. ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆಯಲ್ಲ, ಹಾಗೆ ಗಮನವಿಟ್ಟು ಕೇಳು. ಬಿಚ್ಚಲೋ, ಓಡಿಸಲೋ? ನೀನು ಹೇಳಿದಂತೆ ಮಾಡುತ್ತೇನೆ.

ಈಚೆಗೆ ಬಸ್ಸಿನಲ್ಲಿ ಕೂತರೂ ಎಂಜಿನ್ ಕಡೆಗೇ ಕಿವಿ. ಮನೆಯ ಮಿಕ್ಸಿಯಲ್ಲೂ ಟಕ್ ಟಕ್ ಕೇಳಿಸುತ್ತದೆ.

ಸುಮತಿ

*

ರಾಣೆಬೆನ್ನೂರು
26 ಜುಲೈ 1999

ಸುಮತಿ,

ಕ್ಯಾಸೆಟ್ ನೋಡಿದೆ. ಹಗುರ ಸದ್ದು, ಬೇಗ ಬೇಗ ಬಡಿಯುತ್ತದೆ. ಟ್ಯಾಪೆಟ್. ಮೇಲಿನ ಕವರ್ ತೆಗೆದು ಟ್ಯಾಪೆಟ್ ಹೊಂದಿಸಿದರೆ ಸಾಕು, ಅರ್ಧ ದಿನದ ಕೆಲಸ. ಚೇಂಬರ್ ಬಿಚ್ಚಬೇಡ. ಓಡಿಸು.

ಗಟ್ಟಿ ಎಣ್ಣೆ ಮಾತ್ರ ಎಂದೂ ಹಾಕಿಸಬೇಡ. ಸದ್ದು ಅಡಗುತ್ತದೆ, ಸವೆತ ನಿಲ್ಲುವುದಿಲ್ಲ. ಹಾಗೆ ಮಾಡುವವನನ್ನು ನಾನು ಮೆಕ್ಯಾನಿಕ್ ಎನ್ನುವುದಿಲ್ಲ.

ಪುಡಿ ಚೆನ್ನಾಗಿದೆ. ಅಂಬುಜಾ ತಂಗಿಯ ಮಗಳ ಬಾಣಂತನಕ್ಕೆ ಹಾವೇರಿಗೆ ಹೋಗಿದ್ದಾಳೆ. ನಾನೇ ಸಾರು ಮಾಡಿಕೊಂಡು ಉಂಡೆ.

ವಿಷ್ಣುತೀರ್ಥ

*

ಪುರಸೈವಾಕ್ಕಂ
19 ಸೆಪ್ಟೆಂಬರ್ 1999

ಅಣ್ಣಾ,

ಎಂಜಿನ್ ಸದ್ದಿನ ಕ್ಯಾಸೆಟ್ ಹೋದ ಭಾನುವಾರ ನಮ್ಮ ಮನೆಯ ಕಪಾಟಿನಲ್ಲೇ ಸಿಕ್ಕಿತು. ಕಂಡವಳು ಮಾನ್ಯಾ. ಶಾಲೆಯ ಭಾಷಣ ಸ್ಪರ್ಧೆಗೆಂದು ಅವಳು ಅಭ್ಯಾಸ ಮಾಡಿದ ಕ್ಯಾಸೆಟ್ ಹುಡುಕುತ್ತಿದ್ದಳು. ಅದು ಇಲ್ಲ, ಇದು ಇದೆ. ಎರಡೂ ಒಂದೇ ಬಣ್ಣದವು.

ಅಂದರೆ ನಾನು ನಿನಗೆ ಕಳಿಸಿದ್ದು, ನೀರು ಉಳಿಸಬೇಕು ಎಂದು ನನ್ನ ಮಗಳು ತಮಿಳಿನಲ್ಲಿ ಮಾಡಿದ ಭಾಷಣ. ನೀನು ಅದನ್ನು ಕೇಳಿ ಟ್ಯಾಪೆಟ್ ಎಂದೆ.

ಕ್ಯಾಸೆಟ್ ಹಾಕಿ ನೋಡಲೂ ನಿನಗೆ ಪುರುಸೊತ್ತು ಇರಲಿಲ್ಲ. ಇಲ್ಲ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ನಿನ್ನ ಮಾತು ನಂಬಿ ಒಂದೂವರೆ ತಿಂಗಳು ಓಡಿಸಿದೆ. ಟ್ಯಾಪೆಟ್ ಹೊಂದಿಸಿದ ಮೇಲೂ ಸದ್ದು ಬೆಳೆಯಿತು. ಏಳುಮಲೈ ಹೇಳಿದಾಗಲೆಲ್ಲ, "ನಮ್ಮಣ್ಣ ಕೇಳಿ ಹೇಳಿದ್ದಾನೆ" ಎಂದು ಅವನ ಬಾಯಿ ಮುಚ್ಚಿಸಿದೆ.

ಕ್ಯಾಸೆಟ್ ಸಿಕ್ಕ ಮಾರನೆಯ ದಿನವೇ ಚೇಂಬರ್ ಬಿಚ್ಚಿಸಿದೆ. ಮೂರನೇ ಬೇರಿಂಗ್ ಸವೆದು ತಾಮ್ರ ಕಾಣುತ್ತಿತ್ತು. ಕ್ರ್ಯಾಂಕಿಗೆ ಗೀರು ಬಿದ್ದಿದೆ. ಇನ್ನೊಂದು ವಾರ ಓಡಿದ್ದರೆ ರಾಡ್ ಮುರಿದು ಬ್ಲಾಕ್ ಸೀಳಿಕೊಂಡು ಬರುತ್ತಿತ್ತು ಎಂದ ಮೇಸ್ತ್ರಿ. ಕ್ರ್ಯಾಂಕ್ ಲೇತ್‌ಗೆ ಹೋಗಿದೆ.

ಇವರು ಕಂಟೈನರ್ ಪಾರ್ಟಿಗೆ ಫೋನ್ ಮಾಡಿದರು. ಮಲಗಿದ್ದಲ್ಲ, ನಾನೇ ಮಲಗಿಸಿದ್ದು ಎಂದು ವಾದ ಮಾಡಿದೆ. "ಲಾಯರ್ ಆಗಬೇಕಿತ್ತು ನೀನು" ಎಂದರು. ಕೊನೆಗೆ ಎಫ್.ಸಿ. ತನಕ ಬಿಟ್ಟಿದ್ದಾರೆ. ಪಾರ್ಟಿಯವರು ಜನವರಿ 25ಕ್ಕೆ ಬರುತ್ತಾರೆ.

ಇನ್ನು ಮೇಲೆ ನಿನಗೆ ತೊಂದರೆ ಕೊಡುವುದಿಲ್ಲ.

ಸುಮತಿ

*

ರಾಣೆಬೆನ್ನೂರು
4 ಅಕ್ಟೋಬರ್ 1999

ಸುಮತಿ,

ನಮ್ಮ ಟೇಪ್ ರೆಕಾರ್ಡರ್ ಸರಿಯಿರಲಿಲ್ಲ. ನೀನು ಬರೆದದ್ದರ ಮೇಲೆ ಅಂದಾಜು ಮಾಡಿದೆ. ಅಂದಾಜು ತಪ್ಪಿತು.

ಕ್ರ್ಯಾಂಕ್ ಲೇತ್‌ನಿಂದ ಬಂದಾಗ ಎಣ್ಣೆಯ ತೂತುಗಳಲ್ಲಿ ಲೋಹದ ಪುಡಿ ನಿಂತಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆಸದೆ ಜೋಡಿಸಬಾರದು.

ವಿಷ್ಣುತೀರ್ಥ

*

ರಾಣೆಬೆನ್ನೂರು
30 ಅಕ್ಟೋಬರ್ 1999

ಸುಮತಿ,

ನಿನ್ನ ಉತ್ತರ ಬರಲಿಲ್ಲ. ಬರಬೇಕೆಂದೂ ಇಲ್ಲ. ಆದರೆ ಎಂಜಿನ್ ಜೋಡಿಸುವ ದಿನ ಹತ್ತಿರ ಬಂದಿರಬೇಕು, ಆದ್ದರಿಂದ ಬರೆಯುತ್ತಿದ್ದೇನೆ.

ಬೇರಿಂಗ್ ಕೂರಿಸಿ ಬೋಲ್ಟ್ ಬಿಗಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಲಿ. ಒಂದೇ ಸಮ ತಿರುಗಬೇಕು, ಎಲ್ಲಿಯೂ ಹಿಡಿಯಬಾರದು. ಹಿಡಿದರೆ ಅಲ್ಲಿಗೇ ನಿಲ್ಲಿಸಿ ಬಿಚ್ಚಲಿ, ಓಡಿದರೆ ಸರಿಹೋಗುತ್ತದೆ ಎನ್ನುವ ಮೇಸ್ತ್ರಿಯ ಮಾತು ಕೇಳಬೇಡ.

ಸ್ಟಾರ್ಟ್ ಮಾಡಿದ ಮೇಲೆ ಸ್ಕ್ರೂಡ್ರೈವರ್ ಇಟ್ಟು ನೋಡಿ. ಕಿವಿಗೆ ಬೇಡ. ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತುದಿಯನ್ನು ಬ್ಲಾಕಿಗೆ ಒತ್ತಬೇಕು. ಒಳಗಿನದು ಸ್ಪಷ್ಟವಾಗಿ ತಿಳಿಯುತ್ತದೆ, ಹೊರಗಿನ ಗದ್ದಲ ಬರುವುದೇ ಇಲ್ಲ. ಈಚೆಗೆ ನಾನು ನೋಡುವುದೇ ಹಾಗೆ.

ಮಾನ್ಯಾಗೆ ಸ್ಪರ್ಧೆಯಲ್ಲಿ ಏನಾಯಿತು?

ವಿಷ್ಣುತೀರ್ಥ

*

ಪುರಸೈವಾಕ್ಕಂ
21 ನವೆಂಬರ್ 1999

ಅಣ್ಣಾ,

ಈ ದಿನ ತೋಟದಲ್ಲಿ ಸ್ಕ್ರೂಡ್ರೈವರ್ ಕಚ್ಚಿದೆ. ಲಾರಿ ಎಂಜಿನ್ ಇನ್ನೂ ಬೆಂಚಿನ ಮೇಲಿದೆ, ಅದಕ್ಕೇ ಬಾವಿಯ ಹತ್ತಿರದ ಹಳೇ ಡೀಸೆಲ್ ಪಂಪ್‌ಸೆಟ್ಟಿನ ಮೇಲೆ ಪ್ರಯೋಗ. "ಅಕ್ಕಾ, ಪಲ್ಲು ವಿಳುಂದುಡುಂ" ಎಂದು ನಕ್ಕ ಏಳುಮಲೈ. ಹಲ್ಲು ಉದುರಲಿಲ್ಲ. ಬಗ್ಗಿ, ಹಿಡಿ ಕಚ್ಚಿ, ತುದಿಯನ್ನು ಸಿಲಿಂಡರಿಗೆ ಒತ್ತಿದೆ. ತಲೆಯೊಳಗೇ ಎಂಜಿನ್ ಕೂತಂತೆ ಆಯಿತು.

ಆಮೇಲೆ ಎರಡೂ ಕಿವಿಗೆ ಬೆರಳಿಟ್ಟುಕೊಂಡೆ. ಆಗಲೂ ಕೇಳಿಸಿತು. ಕಿವಿ ತೆರೆದಿದ್ದಾಗಿನದಕ್ಕಿಂತ ಚೆನ್ನಾಗಿ ಕೇಳಿಸಿತು.

ಹಾಗೆ ಬಗ್ಗಿಕೊಂಡೇ ಇದ್ದೆ. ಜೂನ್‌ನ ಫೋನ್ ನೆನಪಾಯಿತು. ನಾನು ಲಾರಿ ಎಂದರೂ ಮಾನ್ಯಾ ಎಂದರೂ ನೀನು "ಬರೆ, ಬರೆ" ಎಂದೇ ಹೇಳಿದೆ. ಕೋಡಂಬಾಕ್ಕಂ ಮದುವೆಯಲ್ಲಿ ನೀನು ನಾದಸ್ವರದವರ ಎದುರಿಗೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದೆ. ಮಿಕ್ಕವರೆಲ್ಲ ಡೋಲಿನ ಹೊಡೆತಕ್ಕೆ ಎದ್ದು ಹೋಗಿದ್ದರು. ನಿಮ್ಮ ಆಚಾರ್ರ ಮನೆತನದವರಿಗೆ ಎಷ್ಟು ತಾಳ್ಮೆ ಎಂದರು ಇವರು. ನಾನೂ ನಕ್ಕಿದ್ದೆ.

ನಿನಗೆ ಯಾವಾಗಿನಿಂದ ಕೇಳಿಸುತ್ತಿಲ್ಲ?

ಟೇಪ್ ರೆಕಾರ್ಡರ್ ಕೆಟ್ಟಿತ್ತು ಎಂದು ಬರೆಯಬೇಡ. ಗಟ್ಟಿ ಎಣ್ಣೆ ಹಾಕುವವನು ಮೆಕ್ಯಾನಿಕ್ ಅಲ್ಲ ಎಂದು ಬರೆದವನು ನೀನು.

ಮಾನ್ಯಾಗೆ ಎರಡನೇ ಬಹುಮಾನ.

ಸುಮತಿ

*

ರಾಣೆಬೆನ್ನೂರು
8 ಡಿಸೆಂಬರ್ 1999

ಸುಮಿ,

ಬಲಗಿವಿ ಹೋಗಿ ಮೂರು ವರ್ಷವಾಯಿತು. ಎಡಗಿವಿ ಈ ವರ್ಷ ಯುಗಾದಿಯ ಹೊತ್ತಿಗೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಅಂಬುಜಾಗೆ ಮಾತ್ರ ಗೊತ್ತು.

ಡಿಪೋದಲ್ಲಿ ಗೊತ್ತಿಲ್ಲ. ಯಾರಾದರೂ ಹಿಂದಿನಿಂದ ಕರೆದರೆ, "ಆಚಾರ್ರು ದೊಡ್ಡ ಮನುಷ್ಯಾರಾಗ್ಯಾರ, ಮಾತಾಡಸೂದಿಲ್ಲ" ಎಂದು ಬೈದುಕೊಳ್ಳುತ್ತಾರೆ ಎಂದು ಜೊತೆಗೆ ಕೆಲಸ ಮಾಡುವ ಹನುಮಂತಯ್ಯ ಬಂದು ಎದುರಿಗೆ ಹೇಳಿದ. ಜಂಬದವನು ಎಂದುಕೊಳ್ಳಲಿ ಎಂದು ಬಿಟ್ಟೆ. ಫೆಬ್ರವರಿ 2ಕ್ಕೆ ಎಲ್ಲರಿಗೂ ಮೆಡಿಕಲ್ ಇದೆ. ಗೊತ್ತಾದರೆ ಎಂಜಿನ್ ಸೆಕ್ಷನ್ನಿನಿಂದ ತೆಗೆದು ಸ್ಟೋರಿನಲ್ಲಿ ಕೂರಿಸುತ್ತಾರೆ. ಬೀಗದ ಕೈ ಇಟ್ಟುಕೊಂಡು ನಟ್ಟು ಬೋಲ್ಟು ಕೊಡುವ ಕೆಲಸ. ಡಾಕ್ಟರ್ ಎದುರಿಗೇ ನಿಂತು ಕೇಳಿದರೆ ಈ ಸಲವೂ ತಪ್ಪಿಸಿಕೊಳ್ಳಬಹುದು ಎಂದುಕೊಂಡಿದ್ದೇನೆ.

ಒಂದು ವಿಷಯ ನೀನು ತಪ್ಪು ತಿಳಿದಿದ್ದೀಯ. ಕ್ಯಾಸೆಟ್ ನಾನು ಹಾಕಿದೆ. ಆ ವಾರ ಅಂಬುಜಾ ಇರಲಿಲ್ಲ, ಕೇಳಿ ಹೇಳುವವರು ಬೇರೆ ಯಾರೂ ಇರಲಿಲ್ಲ. ದನಿ ಪೂರ್ತಿ ಏರಿಸಿ ಟೇಪ್ ರೆಕಾರ್ಡರಿನ ಮೂಲೆ ಕಚ್ಚಿಕೊಂಡು ಕೂತೆ. ಪ್ಲಾಸ್ಟಿಕ್ ಪೆಟ್ಟಿಗೆ, ಕಬ್ಬಿಣದ ಹಾಗೆ ಸದ್ದು ಒಯ್ಯುವುದಿಲ್ಲ. ಮಾತು ಎಂದು ತಿಳಿಯುವಷ್ಟು ಬರಲಿಲ್ಲ, ಬಡಿತ ಮಾತ್ರ ಬಂತು. ಹಗುರಾಗಿ, ಒಂದರ ಹಿಂದೊಂದು, ಉಸಿರು ಬಿಡದೆ. ಟ್ಯಾಪೆಟ್ ಹಾಗೇ ಬಡಿಯುವುದು. ನಮ್ಮ ಮಾನ್ಯಾ ಅಷ್ಟು ಬೇಗ ಬೇಗ ಮಾತಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಮುರಳಿಗೆ ಹೇಳಬೇಡ.

ವಿಷ್ಣು

*

ಪುರಸೈವಾಕ್ಕಂ
27 ಡಿಸೆಂಬರ್ 1999

ಅಣ್ಣಾ,

ಎಂಜಿನ್ ನಿನ್ನೆ ಸ್ಟಾರ್ಟ್ ಆಯಿತು. ಏಳುಮಲೈ ನಿಂಬೆಹಣ್ಣು ಇಟ್ಟು, ಸೆಲ್ಫ್ ಹೊಡೆದ. ಟಕ್ ಟಕ್ ಇಲ್ಲ. ಆದರೆ ಕಪ್ಪು ಹೊಗೆ ಇದೆ. ಈಗ ಎಫ್.ಸಿ.ಯಲ್ಲಿ ಹೊಗೆಯನ್ನೂ ನೋಡುತ್ತಾರೆ. ಮೇಸ್ತ್ರಿ ಡೀಸೆಲ್ ಪಂಪು ಎನ್ನುತ್ತಾನೆ, ಏಳುಮಲೈ ಡೀಸೆಲ್ ಚಿಮ್ಮುವ ನೋಜಲ್ ಎನ್ನುತ್ತಾನೆ. ಇಬ್ಬರ ನಡುವೆ ಈಗ ಮಾತಿಲ್ಲ.

ನಿನ್ನ ಪತ್ರವನ್ನು ಮಾನ್ಯಾಗೆ ಓದಿ ಹೇಳಿದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲವಲ್ಲ. ಮೊದಲು ನಕ್ಕಳು. ಆಮೇಲೆ, "ಮಾಮಾ ಟೇಪ್ ರೆಕಾರ್ಡರ್ ಕಡಿಚ್ಚಾರಾ? ನಿಜಮಾ?" ಎಂದು ನಮ್ಮ ಟೇಪ್ ರೆಕಾರ್ಡರನ್ನು ತಾನೂ ಕಚ್ಚಿ ನೋಡಿದಳು. ಈಗ ಯಾರಿಗೂ ಹೇಳಬಾರದ ವಿಷಯ ಮನೆಯಲ್ಲಿ ಇಬ್ಬರಿಗೆ ಗೊತ್ತು. ಇವರಿಗೆ ನಾನು ಹೇಳಿಲ್ಲ.

ಪೊಂಗಲ್‌ಗೆ ಬಾ. ಹೊಗೆಯೂ ನೋಡಿದಂತಾಯಿತು. ಇಲ್ಲಿ ಕಿವಿಯ ಡಾಕ್ಟರ್ ಇದ್ದಾರೆ, ನಮ್ಮ ಬೀದಿಯ ಕೊನೆಗೆ. ನಿಮ್ಮ ಡಿಪೋದವರು ಯಾರೂ ಚೆನ್ನೈಯಲ್ಲಿ ಇಲ್ಲ.

ಸುಮತಿ

*

(ಕಾರ್ಡು)
ರಾಣೆಬೆನ್ನೂರು
5 ಜನವರಿ 2000

ಸುಮಿ, 14ನೇ ತಾರೀಖು ಬೆಳಗ್ಗೆ ಸೆಂಟ್ರಲ್. ಪ್ಲಾಟ್‌ಫಾರ್ಮಿನಲ್ಲಿ ಹಿಂದಿನಿಂದ ಕೂಗಬೇಡ, ಎದುರಿಗೆ ನಿಂತಿರು. ಸ್ಕ್ರೂಡ್ರೈವರ್ ನಾನೇ ತರುತ್ತೇನೆ. ಡಾಕ್ಟರ್ ವಿಷಯ ಬಂದ ಮೇಲೆ ನೋಡೋಣ. — ವಿಷ್ಣು

*

ಪುರಸೈವಾಕ್ಕಂ
20 ಜನವರಿ 2000

ಅಣ್ಣಾ,

ನಿನ್ನ ಕಿವಿಯ ರಿಪೋರ್ಟ್ ಈ ದಿನ ಬಂತು. ಇದರ ಜೊತೆಗೇ ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಡಾಕ್ಟರ್ ಮಂಗಳವಾರ ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಟ್ಟಿದ್ದಾರೆ. ಇದು ಎಂಜಿನ್ ಗದ್ದಲದಿಂದ ಆದದ್ದಲ್ಲ. ಕಿವಿಯೊಳಗಿನ ಸಣ್ಣ ಮೂಳೆ ಬಿಗಿದುಕೊಂಡಿದೆ. ನರ ಚೆನ್ನಾಗಿದೆ, ಅದಕ್ಕೇ ಹಲ್ಲಿನಿಂದ ಕೇಳಿಸುತ್ತದೆ. ಮಷೀನ್ ಇಟ್ಟುಕೊಂಡರೆ ಮಾತು ತಿಳಿಯುತ್ತದೆ. ಆಪರೇಷನ್ನೂ ಆಗಬಹುದು, ಆಗದೆಯೂ ಇರಬಹುದು, ಆ ಮಾತು ಈಗಲೇ ಕೊಡುವುದಿಲ್ಲ ಎಂದರು. "ಬೇರಿಂಗ್ ಜಾಮ್ ಆಗೇದ, ಎಂಜಿನ್ ಛಲೋ ಐತಿ" ಎಂದು ನೀನು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ. ನಾನು ತಮಿಳಿನಲ್ಲಿ ಹೇಳಿದಾಗ ನಕ್ಕರು.

ಲಾರಿಯ ಸುದ್ದಿ. ಮೂರನೇ ನೋಜಲ್ ಸೋರುತ್ತದೆ ಎಂದು ನೀನು ಕಚ್ಚಿ ಹೇಳಿದ್ದು ಸರಿ. ಹೊಸ ತುದಿ ಹಾಕಿಸಲು ಏಳುಮಲೈ ಅದನ್ನು ಪುದುಪೇಟೆಗೇ ಒಯ್ದಿದ್ದ. ಲಾರಿ ಹೋಗಬೇಕಿದ್ದ ಜಾಗಕ್ಕೆ ನೋಜಲ್ ಒಂದೇ ಹೋಗಿ ಬಂತು. ಹೊಗೆ ಕಡಿಮೆಯಾಗಿದೆ. ಎಫ್.ಸಿ.ಗೆ ಸಾಕಾಗುವಷ್ಟು ಕಡಿಮೆಯೋ, ಹೇಳಲಾರೆ. ಮೇಸ್ತ್ರಿ ಮತ್ತೆ ಬಂದು, ಎಫ್.ಸಿ. ದಿನದ ಮಟ್ಟಿಗೆ ಗಟ್ಟಿ ಎಣ್ಣೆ ಹಾಕಿದರೆ ಎಂಜಿನ್ ಇನ್ನೂ ಮೆತ್ತಗೆ ಕೇಳಿಸುತ್ತದೆ ಎಂದ. ಬೇಡ ಎಂದೆ.

ಇವರಿಗೆ ನಾನು ಹೇಳಿಲ್ಲ, ಆದರೂ ಗೊತ್ತಾಗಿದೆ. ಸಂಕ್ರಾಂತಿಯ ದಿನ ನೀನು ಬಾನೆಟ್ ಕೆಳಗೆ ಬಗ್ಗಿದ್ದಾಗ, "ಏನ್ ಭಾವಾ, ಎಂಜಿನ್ನ ಕಡಿಯೋಕೆ ಬಂದ್ರಾ? ನಮ್ಮನೆ ಸಾಪ್ಪಾಡು ಸಾಲಲಿಲ್ವಾ?" ಎಂದು ಹಿಂದಿನಿಂದ ಎರಡು ಸಲ ಕೇಳಿದರು. ನೀನು ತಿರುಗಲಿಲ್ಲ. ಆಮೇಲೆ ಅವರು ಸುತ್ತಿ ಬಂದು ನಿನ್ನ ಎದುರಿಗೆ ನಿಂತು ಅದನ್ನೇ ಕೇಳಿದರು, ನೀನು ನಕ್ಕೆ. ಆ ದಿನದಿಂದ ಊಟಕ್ಕೆ ಕರೆಯುವಾಗಲೂ ಅವರು ಎದುರಿಗೆ ಬಂದು ಕರೆದದ್ದನ್ನು ನೀನು ಗಮನಿಸಿದೆಯಾ? ನಿನ್ನೆ ಶೆಡ್ಡಿನಲ್ಲಿ ಅವರೂ ಸ್ಕ್ರೂಡ್ರೈವರ್ ಕಚ್ಚಿ ನಿಂತಿದ್ದರಂತೆ. ನನಗೆ ಹೇಳಿದವನು ಏಳುಮಲೈ. ಕೇಳಿದರೆ ಇವರು ಇಲ್ಲ ಎನ್ನುತ್ತಾರೆ, ಅಂಗಿಯ ತೋಳಿನ ಮೇಲೆ ಗ್ರೀಸ್ ಇದೆ.

ಆದರೂ ಕಂಟೈನರ್ ಪಾರ್ಟಿಗೆ ಬರಬೇಡಿ ಎಂದು ಹೇಳಿಲ್ಲ. ನಾನೂ ಕೇಳಿಲ್ಲ.

ಸೆಂಟ್ರಲ್‌ನಲ್ಲಿ ಗಾಡಿ ಹೊರಡುವಾಗ ಕಿಟಕಿಯಿಂದ ನೀನು ಹೇಳಿದ್ದು, "ಸುಮಿ, ಲಾರಿಗೆ ಗಟ್ಟಿ ಎಣ್ಣೆ ಬ್ಯಾಡ. ನನಗೂ ಬ್ಯಾಡ." ಹೂಂ ಅಣ್ಣಾ ಎಂದೆ. ಅಷ್ಟರಲ್ಲಿ ನೀನು ಆ ಕಡೆ ತಿರುಗಿದ್ದೆ, ನನ್ನ ತುಟಿ ನೋಡಲಿಲ್ಲ. ಅದಕ್ಕೆ ಇಲ್ಲಿ ಬರೆದಿದ್ದೇನೆ. ರಿಪೋರ್ಟನ್ನು ಡಿಪೋದಲ್ಲಿ ಅವರು ಕೇಳುವ ಮೊದಲೇ ನಿನ್ನ ಕೈಯಿಂದಲೇ ಕೊಡು. ಅವರು ಸ್ಟೋರಿಗೆ ಹಾಕಬಹುದು. ಹಾಕದೆಯೂ ಇರಬಹುದು.

ಸೋಮವಾರ, 24ನೇ ತಾರೀಖು, ಬೆಳಗ್ಗೆ ಹತ್ತು ಗಂಟೆಗೆ ಲಾರಿ ಎಫ್.ಸಿ.ಗೆ ಹೋಗುತ್ತದೆ. ಫೆಬ್ರವರಿ 2, ಬುಧವಾರ, ನಿನ್ನ ಮೆಡಿಕಲ್.

ಸುಮತಿ